ಮ್ಯಾಟ್ ಎತ್ತಿ ನೋಡಿದ್ರಾ?

ಪ್ರಶ್ನೆ: ಶಿರಸಿ ಹತ್ತಿರ ನಮ್ಮದು ಅಡಿಕೆ ತೋಟ. ವಯಸ್ಸು 34. ಮಡಗಾಂವಿನಲ್ಲಿ ಒಂದು ಕೆಂಪು ಸ್ಯಾನ್ ಸ್ಟಾರ್ಮ್ ಮಾರಾಟಕ್ಕಿದೆ. 2002ರದ್ದು, ಎರಡೇ ಸೀಟು, ಬಟ್ಟೆಯ ಟಾಪ್. ನಾಲ್ಕು ಲಕ್ಷ ಹೇಳುತ್ತಿದ್ದಾರೆ. ಎಂಜಿನ್ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಯಿತು, ಹೊಗೆ ಇಲ್ಲ. ಕೆಳಗೆಲ್ಲ ಹೊಸದಾಗಿ ಕೋಟಿಂಗ್ ಕೂಡ ಮಾಡಿಸಿದ್ದಾರೆ. ಅಪ್ಪಯ್ಯ ಮಾತ್ರ "ಒಂದು ಚೀಲ ಅಡಿಕೆ ಹಿಡಿಯದ ಕಾರು ಎಂತಕ್ಕೆ" ಅಂತಾರೆ. ತಗೊಳ್ಳಬಹುದಾ?
— ಶಿರಸಿಯ ಓದುಗ

ಉತ್ತರ: ಅಪ್ಪಯ್ಯನ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ, ಅದನ್ನು ನೀವೇ ನೋಡಿಕೊಳ್ಳಿ. ನಿಮ್ಮ ಪತ್ರದಲ್ಲಿ ನನ್ನನ್ನು ಹೆದರಿಸಿದ್ದು ಒಂದೇ ಮಾತು: "ಹೊಸದಾಗಿ ಕೋಟಿಂಗ್".

ಈ ಕಾರು ಗೊತ್ತಿಲ್ಲದವರಿಗೆ ಎರಡು ಮಾತು. ಸ್ಯಾನ್ ಸ್ಟಾರ್ಮ್ ನಮ್ಮ ಪಕ್ಕದ ಗೋವಾದಲ್ಲೇ ತಯಾರಾಗುತ್ತಿದ್ದ ಪುಟ್ಟ ಕಾರು. ಉಕ್ಕಿನ ಚಾಸಿ (ಇಡೀ ಕಾರನ್ನು ಹೊರುವ ಅಡಿಕಟ್ಟು), ಮೇಲೆ ಫೈಬರ್ ಬಾಡಿ, ಒಳಗೆ ರೆನೋದ 1149 ಸಿಸಿ ಎಂಜಿನ್. ಶಕ್ತಿ ಸುಮಾರು 60 ಎಚ್‌ಪಿ. ಇವತ್ತಿನ ಸ್ವಿಫ್ಟ್‌ಗೇ 80 ಇದೆ, ಹಾಗಾಗಿ ಸ್ಪೀಡಿನ ಆಸೆಗೆ ತಗೊಳ್ಳುವುದಾದರೆ ಇಲ್ಲೇ ಬಿಟ್ಟುಬಿಡಿ. ಇಂಥ ಕಾರಿನ ಮಜಾ ಇರುವುದು ಹಗುರದಲ್ಲಿ. ನೆಲಕ್ಕೆ ಅಂಟಿ ಕೂತು, ದೇವಿಮನೆ ಘಟ್ಟದ ತಿರುವಿನಲ್ಲಿ ಸ್ಟಿಯರಿಂಗ್ ಸ್ವಲ್ಪ ತಿರುಗಿಸಿದರೆ ಸಾಕು, ಮೂತಿ ಅತ್ತ ಹೋಗಿಬಿಡುತ್ತದೆ, 50ರಲ್ಲೇ 90ರ ಖುಷಿ. 1996ರ ಲೋಟಸ್ ಎಲಿಸ್ ಎಂಬ ಬ್ರಿಟಿಷ್ ಸ್ಪೋರ್ಟ್ಸ್ ಕಾರು ಜಗತ್ತಿಗೆಲ್ಲ ಇಷ್ಟವಾಗಿದ್ದೂ ಇದಕ್ಕೇ, ಅದರ ತೂಕ 725 ಕೆ.ಜಿ. ಆಸುಪಾಸು. ನಮ್ಮ ಹಳೆಯ ಮಾರುತಿ 800 ಇನ್ನೂ ಹಗುರ, ಸುಮಾರು 650. ಆದರೆ ಹಗುರ ಅಂದರೆ ಎಲ್ಲೋ ಲೋಹ ಕಡಿಮೆ ಹಾಕಿದ್ದಾರೆ ಅಂತ ಅರ್ಥ ಅಲ್ವಾ? ಇರುವ ಸ್ವಲ್ಪಕ್ಕೂ ತುಕ್ಕು ಹಿಡಿದರೆ ಉಳಿಯುವುದೇನು?

ನಾನೂ ಒಮ್ಮೆ ಹೀಗೇ ಮೋಸ ಹೋಗಿದ್ದೇನೆ. ಕರಾವಳಿಯ ಒಬ್ಬರಿಂದ ಹಳೆಯ ಕಾರು ತಂದೆ, ಕೆಳಗಡೆ ಕರ್ರಗೆ ಮಿಂಚುತ್ತಿತ್ತು, ಎಷ್ಟು ಚೆನ್ನಾಗಿ ಇಟ್ಟುಕೊಂಡಿದ್ದಾರೆ ಎಂದು ಹೊಗಳಿ ದುಡ್ಡು ಕೊಟ್ಟು ಬಂದೆ. ಮೂರನೇ ವಾರ ಘಟ್ಟದಲ್ಲಿ ಪಂಕ್ಚರ್. ಮಳೆ ಬೇರೆ. ಜಾಕ್ ಇಟ್ಟು ತಿರುಗಿಸುತ್ತಲೇ ಇದ್ದೇನೆ, ಕಾರು ಏಳುತ್ತಿಲ್ಲ, ಜಾಕ್ ಮಾತ್ರ ಮೇಲೆ ಹೋಗುತ್ತಿದೆ. ಬಗ್ಗಿ ನೋಡಿದರೆ ಅದು ಬಾಗಿಲ ಕೆಳಗಿನ ತಗಡನ್ನು ಹಪ್ಪಳದ ಹಾಗೆ ಮುರಿದು ಒಳಗೆ ಹೊಕ್ಕಿತ್ತು. ಮಿಂಚುತ್ತಿದ್ದ ಬಣ್ಣದ ಹಿಂದೆ ಇದ್ದದ್ದು ಬರೀ ಕೆಂಪು ಪುಡಿ.

ಹಾಗಾಗಿ ಇನ್ನೊಮ್ಮೆ ಮಡಗಾಂವಿಗೆ ಹೋಗಿ, ಈ ಸಲ ಹಳೇ ಅಂಗಿ ಹಾಕಿಕೊಂಡು. ಒಂದು ಗ್ಯಾರೇಜಿನಲ್ಲಿ ಲಿಫ್ಟ್ ಮೇಲೆ ಹತ್ತಿಸಿ, ಸ್ಕ್ರೂಡ್ರೈವರ್ ಹಿಡಿಯಿಂದ ಚಾಸಿಯನ್ನು ಉದ್ದಕ್ಕೂ ತಟ್ಟುತ್ತಾ ಹೋಗಿ. ಗಟ್ಟಿ ಇರುವಲ್ಲಿ ಟಣ್ ಅನ್ನುತ್ತದೆ, ಕೊಳೆತಲ್ಲಿ ಡಬ್ ಅನ್ನುತ್ತದೆ, ಇದಕ್ಕೆ ಮೆಕ್ಯಾನಿಕ್ ಆಗಿರಬೇಕಿಲ್ಲ. ಸಸ್ಪೆನ್ಷನ್ ಬಂದು ಕೂರುವ ಜಾಗ, ವೆಲ್ಡಿಂಗ್ ಜಾಯಿಂಟು, ನೀರು ಹೋಗುವ ತೂತು, ಇಲ್ಲೆಲ್ಲ ಹೊತ್ತು ಕೊಡಿ. ತೂತು ಕೋಟಿಂಗ್‌ನಿಂದ ಮುಚ್ಚಿಹೋಗಿದ್ದರೆ ನೀರು ಒಳಗೇ ನಿಂತಿದೆ ಅಂತ ಲೆಕ್ಕ. ತಟ್ಟಲು ಮಾರುವವರು ಬಿಡಲಿಲ್ಲವೋ, ಚಾ ಕುಡಿದು ವಾಪಸ್ ಬನ್ನಿ.

ಆಮೇಲೆ ಒಳಗಿನ ಮ್ಯಾಟ್ ಎತ್ತಿ. ಬರೀ ನೋಡಬೇಡಿ, ಅಂಗೈ ಒತ್ತಿ ಮೂಸಿ ನೋಡಿ. ಬಟ್ಟೆಯ ಟಾಪ್ ಸೋರಿದ್ದರೆ ಬೂಷ್ಟಿನ ವಾಸನೆ ಎಷ್ಟು ಸೆಂಟ್ ಹೊಡೆದರೂ ಹೋಗುವುದಿಲ್ಲ. ಶಿರಸಿಯ ಮಳೆ ಏನು ಅಂತ ನಿಮಗೆ ನಾನು ಹೇಳಬೇಕಾ?

ಫೈಬರ್ ಬಾಡಿಗೆ ತುಕ್ಕಿಲ್ಲ, ಆದರೆ ಬಿರುಕಿದೆ. ಬಿಸಿಲಿಗೆ ಓರೆಯಾಗಿ ನಿಂತು ನೋಡಿದರೆ ಜೇಡರ ಬಲೆಯ ಹಾಗೆ ಸಣ್ಣ ಗೆರೆ ಕಾಣುತ್ತದೆ, ಅದು ಹಿಂದೆ ಪೆಟ್ಟು ಬಿದ್ದ ಜಾಗ. ಇದನ್ನು ಮಾಮೂಲಿ ಟಿಂಕರಿಂಗ್‌ನವರ ಹತ್ತಿರ ಒಯ್ದರೆ ಮೇಲೆ ಪುಟ್ಟಿ ಬಳಿದು ಬಣ್ಣ ಹೊಡೆದು ಕಳಿಸುತ್ತಾರೆ, ಆರು ತಿಂಗಳಿಗೆ ಮತ್ತೆ ಅದೇ ಗೆರೆ. ನಮ್ಮ ಜಿಲ್ಲೆಯಲ್ಲಿ ಫೈಬರ್ ಕೆಲಸ ನಿಜವಾಗಿ ಬರುವುದು ದೋಣಿ ರಿಪೇರಿಯವರಿಗೆ. ತದಡಿಯಲ್ಲೋ ಕಾರವಾರದ ಬೈತಖೋಲದಲ್ಲೋ ವಿಚಾರಿಸಿ. ರೆಸಿನ್ ಎಂಬ ಅಂಟು, ಫೈಬರ್ ಎಳೆಯ ಮ್ಯಾಟು ಎಲ್ಲ ಅವರಿಗೆ ದಿನದ ಕೆಲಸ. ಕಾರು ನೋಡಿ ನಗಬಹುದು, ಆದರೆ ಕೆಲಸ ಗಟ್ಟಿ.

ಎಂಜಿನ್ ಬಗ್ಗೆ ಜಾಸ್ತಿ ಹೇಳಲ್ಲ. ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ, ನೀವು ಹೋಗುವ ಮೊದಲೇ ಬಿಸಿ ಮಾಡಿ ಇಟ್ಟಿದ್ದರೆ ಅನುಮಾನ ಪಡಿ. ಟೆಸ್ಟ್ ಡ್ರೈವ್ ಊರೊಳಗೆ ಬೇಡ, ಕಾಣಕೋಣದ ಕಡೆಯ ಕರ್ಮಲ್ ಘಾಟ್ ಹತ್ತಿಸಿ ಟೆಂಪರೇಚರ್ ಮುಳ್ಳು ನೋಡಿ. ಟೈಮಿಂಗ್ ಬೆಲ್ಟ್ (ಎಂಜಿನ್‌ನಲ್ಲಿ ಕಾಲಕಾಲಕ್ಕೆ ಬದಲಿಸಬೇಕಾದ ರಬ್ಬರ್ ಪಟ್ಟಿ) ಯಾವಾಗ ಹಾಕಿದ್ದು ಅಂತ ಬಿಲ್ ಕೇಳಿ. ಬಿಲ್ ಇಲ್ಲದಿದ್ದರೆ ಹಾಕಿಲ್ಲ ಅಂತಲೇ ತಿಳಿದು ಖರ್ಚಿಗೆ ಸೇರಿಸಿ. ಇದೇ ಎಂಜಿನ್ ಹೊರದೇಶದಲ್ಲಿ ರೆನೋ ಟ್ವಿಂಗೊ, ಕ್ಲಿಯೊ ಕಾರುಗಳಿಗೂ ಬರುತ್ತಿತ್ತು, ಪಾರ್ಟ್ ಹುಡುಕುವಾಗ ಆ ಹೆಸರಿನಲ್ಲಿ ಹುಡುಕಿ. ಇಲ್ಲಿ ಓಡಾಡುವ ರೆನೋದ ಲೋಗನ್ ಕಾರಿನ ಎಂಜಿನ್ ಬೇರೆ ಜಾತಿಯದ್ದು, ಅದರದ್ದು ಹಾಕಿಕೊಡ್ತೇನೆ ಅನ್ನುವವರನ್ನು ನಂಬಬೇಡಿ.

ಕಾಗದಪತ್ರ. 2002ರ ಕಾರಿನ ಆರ್‌ಸಿ 15 ವರ್ಷಕ್ಕೆ, ಅಂದರೆ 2017ಕ್ಕೆ ಮುಗಿಯುತ್ತದೆ. ಆಮೇಲೆ ಐದೈದು ವರ್ಷಕ್ಕೆ ರಿನ್ಯೂವಲ್, ಅದೂ ಫಿಟ್‌ನೆಸ್ ಪಾಸಾದರೆ. ಸರಿಯಾಗಿ ಮಾಡಿಸಿದ್ದರೆ ಈಗ 2027ರವರೆಗೆ ಇರಬೇಕು, ನೋಡಿಕೊಳ್ಳಿ. 2022ರ ಏಪ್ರಿಲ್‌ನಲ್ಲಿ ಕಾರಿನ ರಿನ್ಯೂವಲ್ ಫೀ 600ರಿಂದ 5,000 ರೂಪಾಯಿಗೆ ಏರಿತು, 2025ರಲ್ಲಿ 20 ವರ್ಷ ದಾಟಿದ ಕಾರುಗಳಿಗೆ 10,000 ಆಯಿತು. ಗೋವಾ ಆರ್‌ಟಿಒದಿಂದ ಎನ್‌ಒಸಿ ಬೇಕು, ಅದು ಫಾರ್ಮ್ 28. ಹೆಸರು ಬದಲಾವಣೆಗೆ 29 ಮತ್ತು 30. ಹಳೆ ಸಾಲ ಆರ್‌ಸಿ ಮೇಲೆ ಹಾಗೇ ಇದ್ದರೆ 35 ಕೂಡ. ಇಲ್ಲಿ ತಂದ ಮೇಲೆ ಕರ್ನಾಟಕದ ತೆರಿಗೆ ಕಟ್ಟಿ, ಕೆಎ 31 ನಂಬರ್ ಹಾಕಿಸಬೇಕು. ಆಗ ಚಾಸಿ ನಂಬರಿನ ಪೆನ್ಸಿಲ್ ಪ್ರಿಂಟ್ ತೆಗೆಯುತ್ತಾರೆ. ಇಲ್ಲಿದೆ ನೋಡಿ ಗಮ್ಮತ್ತು: ಆ ನಂಬರನ್ನೇ ತುಕ್ಕು ತಿಂದಿದ್ದರೆ ಪ್ರಿಂಟ್ ಬರುವುದಿಲ್ಲ, ಕಾರು ನಿಮ್ಮ ಹೆಸರಿಗೆ ಆಗುವುದೂ ಕಷ್ಟ. ಮಡಗಾಂವಿನಲ್ಲೇ ಒಂದು ಕಾಗದ ಇಟ್ಟು, ಪೆನ್ಸಿಲ್ ಉಜ್ಜಿ ನೋಡಿ. ಎಂಜಿನ್ ಕೆಟ್ಟರೆ ಬೇರೆ ಸಿಗಬಹುದು, ಚಾಸಿ ಸಿಗಲ್ಲ.

ಇದೆಲ್ಲ ಸರಿ ಇದ್ದರೆ ತಗೊಳ್ಳಿ, ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಆದರೆ ನಾಲ್ಕು ಕೊಡಬೇಡಿ. ಮೂರಕ್ಕೆ ಇಳಿಸಿ, ಒಂದು ಲಕ್ಷ ಮೊದಲ ವರ್ಷದ ರಿಪೇರಿಗೆ ಅಂತ ಬೇರೆ ಇಡಿ.

ಪ್ರಶ್ನೆ: ದುಬೈಯಲ್ಲಿರುವ ಅಣ್ಣನ ಹತ್ತಿರ 2014ರ ಮಾಜ್ದಾ ಎಂಎಕ್ಸ್-5 ಇದೆ. ಊರಿಗೆ ತರಬಹುದಾ?
— ಭಟ್ಕಳದ ಓದುಗ

ಉತ್ತರ: ಎರಡು ಸೀಟಿನ, ಟಾಪ್ ತೆಗೆಯುವ ಒಳ್ಳೆಯ ಕಾರು ಮಾರಾಯ್ರೇ, 1989ರಿಂದ ಬರುತ್ತಿದೆ, 2016ಕ್ಕೇ ತಯಾರಾದ ಕಾರುಗಳ ಲೆಕ್ಕ ಹತ್ತು ಲಕ್ಷ ದಾಟಿತ್ತು. ಆದರೆ ಆಗಲ್ಲ. ನಮ್ಮಲ್ಲಿಗೆ ಹಳೆಯ ಕಾರು ತರಬೇಕಾದರೆ ತಯಾರಾಗಿ ಮೂರು ವರ್ಷ ದಾಟಿರಬಾರದು, ಸ್ಟಿಯರಿಂಗ್ ಬಲಗಡೆ ಇರಬೇಕು. ನಿಮ್ಮ ಅಣ್ಣನ ಕಾರು ಎರಡರಲ್ಲೂ ಫೇಲು. ಪಾಸಾದರೂ ಸುಂಕವೇ ಕಾರಿನ ಬೆಲೆ ಮೀರುತ್ತದೆ. ಕೇರಳದಲ್ಲಿ ದುಬೈ ನಂಬರ್ ಪ್ಲೇಟಿನ ಕಾರು ನೋಡಿದ್ದೇನೆ ಅಂತ ನೀವು ಹೇಳಬಹುದು. ಅವು ಕಾರ್ನೆ ಎಂಬ ಪರವಾನಗಿಯಲ್ಲಿ ಕೆಲವು ತಿಂಗಳಿಗೆ ಬಂದು ವಾಪಸ್ ಹೋಗಬೇಕಾದವು. ಅಣ್ಣನ ಕಾರನ್ನು ಅಲ್ಲಿಗೇ ಹೋಗಿ ಓಡಿಸಿ ಬನ್ನಿ.

ಪ್ರಶ್ನೆ: ಕಾರವಾರದಲ್ಲಿ ಸಮುದ್ರದ ಹತ್ತಿರವೇ ಮನೆ. ಟಾಪ್ ತೆಗೆಯುವ ಕಾರನ್ನು ಮಳೆಗಾಲದಲ್ಲಿ ಕವರ್ ಹಾಕಿ ಇಟ್ಟರೆ ಸಾಕಾ?
— ಕಾರವಾರದ ಓದುಗ

ಉತ್ತರ: ಪ್ಲಾಸ್ಟಿಕ್ ಕವರ್ ಬೇಡವೇ ಬೇಡ, ಒಳಗೆ ಬೆವರಿ ಉಪ್ಪು ಹಿಡಿಯುತ್ತದೆ. ಗಾಳಿಯಾಡುವ ಶೀಟಿನ ಮಾಡಿನ ಕೆಳಗೆ ಇಡಿ. ಇಡುವ ಮೊದಲು ಕೆಳಭಾಗವನ್ನು ಸಿಹಿನೀರಿನಲ್ಲಿ ತೊಳೆದು, ಒಣಗಲು ಬಿಡಿ. ದಿನಾ ಐದು ನಿಮಿಷ ಸ್ಟಾರ್ಟ್ ಮಾಡಿ ಇಡುವ ಅಭ್ಯಾಸ ಇದ್ದರೆ ಬಿಡಿ, ಹದಿನೈದು ದಿನಕ್ಕೊಮ್ಮೆ ಮಳೆ ಬಿಟ್ಟಾಗ ಅರ್ಧ ಗಂಟೆ ಓಡಿಸಿ. ಬಾನೆಟ್ ತೆಗೆದು ಇಲಿ ವಯರ್ ಕಡಿದಿದೆಯಾ ನೋಡಿ. ಹ್ಯಾಂಡ್‌ಬ್ರೇಕ್ ಎಳೆದು ಇಡಬೇಡಿ, ಅಂಟಿಕೊಂಡುಬಿಡುತ್ತದೆ. ಗೇರಿನಲ್ಲಿ ಹಾಕಿ, ಚಕ್ರಕ್ಕೊಂದು ಕಲ್ಲು ಕೊಡಿ.