ನೋವಿಲ್ಲದ ಗಂಟು, ತೋರಿಸಬೇಕೇನ್ರಿ?

ಪ್ರಶ್ನೆ: ನನಗ 46. ಖಡಕ್ ರೊಟ್ಟಿ ಬಡಿದು ಮಾರ್ತೀನಿ. ಎರಡು ತಿಂಗಳ ಹಿಂದ ಜಳಕ ಮಾಡುವಾಗ ಎಡ ಎದಿಯೊಳಗ ಕಡಲಿಕಾಳಿನಷ್ಟು ಗಂಟು ಕೈಗೆ ಹತ್ತಿತು. ನೋವಿಲ್ಲ. ‘ಮೂರು ಮಕ್ಕಳಿಗೆ ಹಾಲು ಕುಡಿಸೀಯಲ್ಲ, ಏನಾಗಂಗಿಲ್ಲ’ ಅಂತಾಳ ನೆಗೆಣ್ಣಿ. ತೋರಿಸಬೇಕೇನ್ರಿ ಡಾಕ್ಟ್ರ?
– ಓದುಗಿ, ಗದಗ

ಉತ್ತರ: ತೋರಿಸಲೇಬೇಕು ತಾಯಿ, ಈ ವಾರವೇ. ಸ್ತನ ಕ್ಯಾನ್ಸರಿನ ಗಂಟು ಶುರುವಿನಲ್ಲಿ ಹೆಚ್ಚಾಗಿ ನೋಯುವುದೇ ಇಲ್ಲ; ನೋವಿಲ್ಲವೆಂದು ಸುಮ್ಮನೆ ಕೂತವರೇ ನನ್ನ ಹತ್ತಿರ ತಡವಾಗಿ ಬರುತ್ತಾರೆ. ಹಾಲುಣಿಸಿದರೆ ಅಪಾಯ ಕೊಂಚ ಕಡಿಮೆ, ಅಷ್ಟೇ. ಹೆದರಬೇಡಿ, ಬಹಳಷ್ಟು ಗಂಟು ಕ್ಯಾನ್ಸರ್ ಅಲ್ಲ. ಆದರೆ ಅದನ್ನು ಹೇಳಬೇಕಾದ್ದು ನೆಗೆಣ್ಣಿಯಲ್ಲ, ಪರೀಕ್ಷೆಗಳು: ಮ್ಯಾಮೊಗ್ರಾಂ (ಸ್ತನದ ಎಕ್ಸ್-ರೇ), ಸ್ಕ್ಯಾನಿಂಗ್, ಬೇಕಾದರೆ ಗಂಟಿನಿಂದ ಸೂಜಿಯಲ್ಲಿ ಚೂರು ತೆಗೆದು ನೋಡುವ ಸೂಜಿ ಪರೀಕ್ಷೆ. ಗದಗದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಜಿಮ್ಸ್‌ಗೆ ಹೋಗಿ, ಲೇಡಿ ಡಾಕ್ಟರ್ ಬೇಕೆಂದು ಬಾಯಿಬಿಟ್ಟು ಕೇಳಿ. ನೆಗೆಣ್ಣಿಯನ್ನೂ ಕರೆದೊಯ್ಯಿರಿ: 30 ದಾಟಿದವರ ಸ್ತನ ತಪಾಸಣೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತ.