ಕಾಸರಗೋಡಿನಿಂದ ಗೋವಾದ ಕ್ಯಾಸಿನೊ ನೋಡಲು ಹೋಗುವವರು ರೂಮ್ ಎಲ್ಲಿ ಮಾಡಬೇಕು?

ನಿಮ್ಮ ಪ್ರಶ್ನೆ ಪೂರ್ತಿ ಓದಿದೆ. ಬದಿಯಡ್ಕದಿಂದ ನೀವು, ನಿಮ್ಮ ಹೆಂಡತಿ, ಭಾವ, ಮತ್ತೆ ಎಪ್ಪತ್ತು ದಾಟಿದ ಅಮ್ಮ, ಹೀಗೆ ನಾಲ್ಕು ಜನ ಮೂರು ರಾತ್ರಿಗೆ ಗೋವಾಕ್ಕೆ ಹೊರಟಿದ್ದೀರಿ. ಕ್ಯಾಸಿನೊ ಹಡಗು ಒಮ್ಮೆ ಒಳಗಿನಿಂದ ನೋಡಬೇಕು, ಹೋಟೆಲ್ ಬಾಗಾ ಬೀಚಿನ ಹತ್ತಿರ ಮಾಡುವುದಾ ಪಣಜಿಯಲ್ಲಾ, ಉಳಿದ ಹೊತ್ತು ಎಂತ ಮಾಡುವುದು ಅಂತ ಕೇಳಿದ್ದೀರಿ. ಪಣಜಿಯಲ್ಲೇ ಮಾಡಿ. ಕ್ಯಾಸಿನೊಗೆ ಒಂದೇ ಒಂದು ಸಂಜೆ ಇಟ್ಟುಕೊಳ್ಳಿ, ಅದೂ ಶುಕ್ರವಾರಕ್ಕಿಂತ ಮೊದಲು.

ನನ್ನ ಊರು ಮಂಜೇಶ್ವರ. ಅಕ್ಕನನ್ನು ಫೋಂಡಾಕ್ಕೆ ಕೊಟ್ಟಿದ್ದೇವೆ, ನಮ್ಮ ಕುಲದೇವರೂ ಆ ಕಡೆಯೇ, ಹಾಗಾಗಿ ಗೋವಾಕ್ಕೆ ಹೋಗಿ ಬರುವುದು ನಮಗೆ ಮಾಮೂಲು. ಊರಿನಿಂದ ಹೋಗುವವರೆಲ್ಲ ಕೇಳುವುದು ಇದನ್ನೇ, ಬೀಚಾ ಪಣಜಿಯಾ ಅಂತ.

ಮೊದಲು ಹಡಗುಗಳು ಎಲ್ಲಿವೆ ಅಂತ ನೋಡಿ. ಡೆಲ್ಟಿನ್ ರಾಯಲ್, ಕ್ಯಾಸಿನೊ ಪ್ರೈಡ್, ಬಿಗ್ ಡ್ಯಾಡಿ, ಎಲ್ಲವೂ ನಿಂತಿರುವುದು ಪಣಜಿ ಪೇಟೆಯ ಎದುರು, ಮಾಂಡೋವಿ ನದಿಯಲ್ಲಿ. ಲಂಗರು ಹಾಕಿದ ಜಾಗ ಬಿಟ್ಟು ಅವು ಎಲ್ಲಿಗೂ ಹೋಗುವುದಿಲ್ಲ. ದಡದ ಜೆಟ್ಟಿಯಿಂದ ಸಣ್ಣ ಬೋಟಿನಲ್ಲಿ ನಿಮ್ಮನ್ನು ಕೆಲವೇ ನಿಮಿಷದಲ್ಲಿ ಅಲ್ಲಿಗೆ ಮುಟ್ಟಿಸುತ್ತಾರೆ. ಬಾಗಾ, ಕಲಂಗುಟ್ ಇರುವುದು ನದಿಯ ಆಚೆ ಬದಿ, ಪಣಜಿಯಿಂದ ಸುಮಾರು 15 ಕಿಲೋಮೀಟರ್ ಮೇಲೆ. ಹೋಗುವಾಗ ಕಷ್ಟ ಇಲ್ಲ. ಕಷ್ಟ ಇರುವುದು ವಾಪಸು ಬರುವಾಗ. ಹಡಗಿನಲ್ಲಿ ಊಟ, ಡ್ಯಾನ್ಸು, ಆಟ ಎಲ್ಲ ಮುಗಿದು ನೀವು ಜೆಟ್ಟಿಗೆ ಇಳಿಯುವ ಹೊತ್ತಿಗೆ ರಾತ್ರಿ ಹನ್ನೆರಡೋ ಒಂದೋ ಆಗಿರುತ್ತದೆ, ಗೋವಾದಲ್ಲಿ ಓಲಾ ಊಬರ್ ಇಲ್ಲ, ಗೋವಾಮೈಲ್ಸ್ ಅಂತ ಒಂದು ಆ್ಯಪ್ ಉಂಟು, ಅದರಲ್ಲಿ ಗಾಡಿ ಸಿಗದಿದ್ದರೆ ಅಲ್ಲಿ ನಿಂತ ಟ್ಯಾಕ್ಸಿಯವರು ಹೇಳಿದ್ದೇ ರೇಟು. ಪಣಜಿಯಲ್ಲಿ ರೂಮ್ ಇದ್ದರೆ ನಡೆದೇ ಹೋಗಬಹುದು. ಅಮ್ಮ ರೂಮಿನಲ್ಲಿ ಮಲಗಿದ್ದಾರೆ, ಫೋನ್ ಮಾಡಿದರೆ ಸ್ವಲ್ಪ ಹೊತ್ತಿನಲ್ಲೇ ಅವರ ಹತ್ತಿರ ಇರುತ್ತೀರಿ. ನನಗೆ ಇದೊಂದೇ ಕಾರಣ ಸಾಕು.

ಇನ್ನೊಂದು ಕಾರಣವೂ ಉಂಟು. ನಾವು ಕಡಲಿನ ಬದಿಯವರು. ಬೇಕಲದ ಕೋಟೆಯೂ ಕಡಲೂ ಬದಿಯಡ್ಕದಿಂದ ಒಂದು ಗಂಟೆಯ ದಾರಿ. ಬೆಂಗಳೂರಿನಿಂದ, ದೆಹಲಿಯಿಂದ ಬರುವವರಿಗೆ ಬೀಚ್ ಹೊಸತು, ಅವರು ಅದಕ್ಕೆ ಜಾಸ್ತಿ ದುಡ್ಡು ಕೊಡಲಿ. ನಮಗೆ ಇಲ್ಲಿ ಸಿಗದೆ ಅಲ್ಲಿ ಸಿಗುವುದು ನದಿ ದಡದ ಆ ಪೇಟೆ, ಹಳೇ ಪೋರ್ಚುಗೀಸ್ ಮನೆಗಳು, ಫೋಂಡಾದ ದೇವಸ್ಥಾನಗಳು. ಅದೆಲ್ಲ ಪಣಜಿಯಿಂದಲೇ ಹತ್ತಿರ.

ಪಣಜಿಯೊಳಗೆ ಎಲ್ಲಿ ಅಂದರೆ, 18 ಜೂನ್ ರಸ್ತೆ ಮತ್ತು ಅದರ ಸುತ್ತಮುತ್ತ ನೋಡಿ. ಜೆಟ್ಟಿಗೆ ಹತ್ತಿರ, ಸಸ್ಯಾಹಾರಿ ಹೋಟೆಲ್, ಮೆಡಿಕಲ್ ಶಾಪ್ ಎಲ್ಲ ಕಾಲ ಬುಡದಲ್ಲೇ. ನದಿಗೆ ಮುಖ ಮಾಡಿದ ರೂಮಿಗೆ ಆಸೆಪಡಬೇಡಿ. ಹಡಗುಗಳ ದೀಪ ನೋಡಲು ಚೆಂದವೇ, ಆದರೆ ಎದುರಿನ ರಸ್ತೆಯ ಗಾಡಿ ಸದ್ದು ರಾತ್ರಿಯೂ ನಿಲ್ಲುವುದಿಲ್ಲ, ಅಮ್ಮನಿಗೆ ನಿದ್ದೆ ಬರಲಿಕ್ಕಿಲ್ಲ. ಒಂದೆರಡು ರಸ್ತೆ ಒಳಗೆ ಇದ್ದರೆ ಒಳ್ಳೆಯದು. ಹಳೇ ಪೋರ್ಚುಗೀಸ್ ಕೇರಿ ಫೊಂಟೇನ್ಹಾಸ್‌ನಲ್ಲಿ ಹಳೇ ಮನೆಗಳನ್ನೇ ಲಾಡ್ಜ್ ಮಾಡಿದ್ದಾರೆ, ಬಹಳ ಸುಂದರ, ಹರೆಯದವರು ಇಬ್ಬರೇ ಹೋಗುವುದಾದರೆ ನಾನು ಅದನ್ನೇ ಹೇಳುತ್ತಿದ್ದೆ. ಆದರೆ ಅಂಥ ಮನೆಗಳಲ್ಲಿ ಹೆಚ್ಚಾಗಿ ಲಿಫ್ಟ್ ಇರುವುದಿಲ್ಲ, ಮರದ ಮೆಟ್ಟಿಲು ಕಡಿದಾಗಿರುತ್ತದೆ. ಆಲ್ಟಿನ್ಹೊ ಅನ್ನುವ ಬಡಾವಣೆ ಗುಡ್ಡದ ಮೇಲೆ ಇದೆ, ಅದೂ ಅಮ್ಮನಿಗೆ ಆಗಲಿಕ್ಕಿಲ್ಲ. ಬುಕ್ ಮಾಡುವ ಮೊದಲು ಹೋಟೆಲಿಗೆ ನೀವೇ ಫೋನ್ ಮಾಡಿ ಕೇಳಿ: ಲಿಫ್ಟ್ ಉಂಟಾ, ಅದು ರಿಸೆಪ್ಶನ್‌ನಿಂದಲೇ ಶುರುವಾಗುತ್ತದಾ ಅಥವಾ ಮೆಟ್ಟಿಲು ಹತ್ತಿ ಹೋಗಬೇಕಾ, ಎರಡು ರೂಮ್ ಅಕ್ಕಪಕ್ಕ ಕೊಡುತ್ತೀರಾ, ಕಿಟಕಿ ಯಾವ ಕಡೆ. ಫೋಟೋದಲ್ಲಿ ಇದು ಯಾವುದೂ ಗೊತ್ತಾಗುವುದಿಲ್ಲ.

ರೂಮ್ ಮತ್ತು ಕ್ಯಾಸಿನೊ ಟಿಕೆಟ್ ಸೇರಿಸಿ ಪ್ಯಾಕೇಜ್ ಮಾರುವವರು ತುಂಬಾ ಜನ ಇದ್ದಾರೆ. ಕೊಳ್ಳುವ ಮೊದಲು ಎರಡು ವಿಷಯ ನೋಡಿ. ಹೋಟೆಲ್ ನಿಜಕ್ಕೂ ಪಣಜಿಯೊಳಗೇ ಇದೆಯಾ, ಮತ್ತೆ ಕ್ಯಾಸಿನೊ ಹಡಗಿನದ್ದಾ ದಡದ್ದಾ. ಗೋವಾದ ಜೂಜು ಕಾನೂನು 1976ರದ್ದು. 1992ರಲ್ಲಿ ತಿದ್ದುಪಡಿ ಮಾಡಿ ಪಂಚತಾರಾ ಹೋಟೆಲುಗಳಲ್ಲಿ ಯಂತ್ರದ ಆಟಕ್ಕೆ ಅವಕಾಶ ಕೊಟ್ಟರು, 1996ರಲ್ಲಿ ಹಡಗಿಗೆ. ಇಸ್ಪೀಟು ಎಲೆ ಹಂಚುವ ಟೇಬಲ್ ಆಟಕ್ಕೆ ಅನುಮತಿ ಇರುವುದು ಹಡಗಿನಲ್ಲಿ. ನೀವು ನೋಡಬೇಕು ಅಂದುಕೊಂಡದ್ದು ಅದನ್ನೇ ಅಲ್ವಾ?

ರೈಲಿನ ವಿಷಯ ಬೇಗ ಹೇಳುತ್ತೇನೆ. ಕಾಸರಗೋಡಿನಿಂದ ನೇತ್ರಾವತಿ, ಮಂಗಳಾ ಎರಡೂ ಮಡಗಾಂವ್‌ಗೆ ನೇರ ಹೋಗುತ್ತವೆ. ಆದರೆ ಸಂಜೆ ಮೇಲೆ ಇಲ್ಲಿ ಹತ್ತಿದರೆ ಅಲ್ಲಿ ಇಳಿಯುವುದು ನಡುರಾತ್ರಿ ದಾಟಿದ ಮೇಲೆ. ಹೋಟೆಲ್ ರೂಮ್ ಮರುದಿನ ಮಧ್ಯಾಹ್ನಕ್ಕೇ ಕೊಡುವುದು, ಅಷ್ಟು ಹೊತ್ತು ಅಮ್ಮನನ್ನು ಎಲ್ಲಿ ಕೂರಿಸುತ್ತೀರಿ? ಮಂಗಳೂರು ಸೆಂಟ್ರಲ್‌ನಿಂದ ಬೆಳಗ್ಗೆ ಮಡಗಾಂವ್‌ಗೆ ವಂದೇ ಭಾರತ್ ಹೊರಡುತ್ತದೆ, 2023ರ ಡಿಸೆಂಬರ್ ಕೊನೆಗೆ ಶುರುವಾದದ್ದು. ಅದರಲ್ಲಿ ಹೋದರೆ ಮಧ್ಯಾಹ್ನಕ್ಕೆ ತಲುಪಿ ನೇರ ರೂಮಿಗೇ ಹೋಗಬಹುದು. ಮಡಗಾಂವ್‌ನಿಂದ ಪಣಜಿಗೆ ಸುಮಾರು 35 ಕಿಲೋಮೀಟರ್. ನೀವಿಬ್ಬರೇ ಆದರೆ ಗೋವಾ ಸರಕಾರದ ಕದಂಬ ಬಸ್ಸು ಸಾಕು, ಅಮ್ಮ ಇರುವುದರಿಂದ ಟ್ಯಾಕ್ಸಿ ಮಾಡಿ. ಮಳೆಗಾಲದಲ್ಲಿ ಕೊಂಕಣ ರೈಲ್ವೆಯ ವೇಳಾಪಟ್ಟಿ ಬೇರೆಯೇ ಇರುತ್ತದೆ, ಜೂನ್ ನಂತರ ಹೋಗುವುದಾದರೆ ಸಮಯ ಮತ್ತೊಮ್ಮೆ ನೋಡಿಕೊಳ್ಳಿ.

ಈಗ ಕ್ಯಾಸಿನೊ ಸಂಜೆ. ಅಮ್ಮನನ್ನು ಹಡಗಿಗೆ ಕರೆದುಕೊಂಡು ಹೋಗಬೇಡಿ. ಅಲುಗಾಡುವ ಬೋಟಿಗೆ ಹತ್ತಿ ಇಳಿಯಬೇಕು, ಒಳಗೆ ಹಾಡಿನ ಸದ್ದು ಜೋರು, ಅವರಿಗೆ ಬೇಜಾರಾಗುತ್ತದೆ. ಅದರ ಬದಲು ಸೂರ್ಯ ಮುಳುಗುವ ಹೊತ್ತಿಗೆ ನಾಲ್ಕೂ ಜನ ಸಾಂತಾ ಮೋನಿಕಾ ಜೆಟ್ಟಿಗೆ ಹೋಗಿ ಸಾಮಾನ್ಯ ನದಿ ಪ್ರವಾಸದ ಬೋಟು ಹತ್ತಿ, ಒಂದು ಗಂಟೆಯದ್ದು, ಅದೇ ಮಾಂಡೋವಿ, ಗೋವಾದ ಕುಣಿತ ಹಾಡು ಇರುತ್ತದೆ, ಕ್ಯಾಸಿನೊ ಹಡಗುಗಳನ್ನೂ ಅಮ್ಮ ಹೊರಗಿನಿಂದ ಕಣ್ಣು ತುಂಬಾ ನೋಡಬಹುದು. ಆಮೇಲೆ ಅವರಿಗೆ ಊಟ ಮಾಡಿಸಿ ರೂಮಿಗೆ ಬಿಟ್ಟು ನೀವು ಮೂವರು ಹೋಗಿ.

ಆಡುವ ಕಡೆಗೆ 21 ವರ್ಷ ದಾಟಿದವರಿಗೆ ಮಾತ್ರ ಪ್ರವೇಶ, ಆಧಾರ್ ಕಾರ್ಡ್ ಇಟ್ಟುಕೊಳ್ಳಿ. ಚಡ್ಡಿ, ಹವಾಯಿ ಚಪ್ಪಲಿಯಲ್ಲಿ ಒಳಗೆ ಬಿಡುವುದಿಲ್ಲ. ಟಿಕೆಟ್ಟಿನ ಜತೆಗೆ ಸಾಮಾನ್ಯವಾಗಿ ಊಟ, ಕುಡಿಯಲು, ಮತ್ತೆ ಸ್ವಲ್ಪ ಚಿಪ್ಸ್, ಅಂದರೆ ದುಡ್ಡಿನ ಬದಲು ಆಟದಲ್ಲಿ ಇಡುವ ಬಿಲ್ಲೆ, ಕೊಡುತ್ತಾರೆ. ಆ ಚಿಪ್ಸ್ ಹೆಚ್ಚಾಗಿ ಒಮ್ಮೆ ಆಡಲಿಕ್ಕೆ ಮಾತ್ರ, ಅದನ್ನು ಕೌಂಟರ್‌ನಲ್ಲಿ ಕೊಟ್ಟು ದುಡ್ಡು ಮಾಡಲು ಆಗುವುದಿಲ್ಲ. ಶುಕ್ರವಾರದಿಂದ ಭಾನುವಾರದ ತನಕ ಟಿಕೆಟ್ ರೇಟೂ ಜಾಸ್ತಿ, ಜನವೂ ಜಾಸ್ತಿ, ಟೇಬಲ್ಲಿನ ಹತ್ತಿರ ನಿಲ್ಲಲೂ ಜಾಗ ಇರುವುದಿಲ್ಲ. ಮಂಗಳವಾರವೋ ಬುಧವಾರವೋ ಹೋದರೆ ಆರಾಮ. ಒಳಗೆ ಹೋದ ಕೂಡಲೇ ಆಟಕ್ಕೆ ಕೂರಬೇಡಿ, ಒಂದು ಸುತ್ತು ಹಾಕಿ, ಸ್ಟೇಜಿನ ಕಾರ್ಯಕ್ರಮ ನೋಡಿ, ನಿಧಾನಕ್ಕೆ ಊಟ ಮಾಡಿ. ಪ್ರತಿ ಟೇಬಲ್ಲಿನಲ್ಲಿ ಕಡಿಮೆ ಅಂದರೆ ಎಷ್ಟು ಇಡಬೇಕು ಅಂತ ಬೋರ್ಡ್ ಇರುತ್ತದೆ, ಕೂರುವ ಮೊದಲು ಅದನ್ನು ಓದಿ.

ದುಡ್ಡಿನ ಲೆಕ್ಕ ದಯವಿಟ್ಟು ಭಾವನಿಗೂ ಓದಿ ಹೇಳಿ. ರೂಲೆಟ್ ಅಂದರೆ ತಿರುಗುವ ಚಕ್ರದಲ್ಲಿ ಗುಂಡು ಯಾವ ಸಂಖ್ಯೆಯ ಮನೆಯಲ್ಲಿ ನಿಲ್ಲುತ್ತದೆ ಅಂತ ದುಡ್ಡು ಇಡುವ ಆಟ. ಆ ಚಕ್ರದಲ್ಲಿ ಸೊನ್ನೆ ಒಂದೇ ಇದ್ದರೆ ಒಟ್ಟು 37 ಮನೆ. ಒಂದು ಸಂಖ್ಯೆಗೆ ಇಟ್ಟು ಗೆದ್ದರೆ ಕೊಡುವುದು 35 ಪಟ್ಟು. ಅಲ್ಲಿಗೇ ಪ್ರತಿ ನೂರು ರೂಪಾಯಿಯಲ್ಲಿ ಸರಾಸರಿ 2 ರೂಪಾಯಿ 70 ಪೈಸೆ ಕ್ಯಾಸಿನೊದವರಿಗೆ. ಸೊನ್ನೆ ಎರಡಿದ್ದರೆ 5 ರೂಪಾಯಿ 26 ಪೈಸೆ. ಇದು ಸಣ್ಣದು ಅನಿಸಬಹುದು, ಆದರೆ ದೊಡ್ಡ ಹೊಡೆತ ಇರುವುದು ತೆರಿಗೆಯಲ್ಲಿ. ಚಿಪ್ಸ್ ಕೊಳ್ಳಲು ಕೊಡುವ ದುಡ್ಡಿನ ಮೇಲೆ 2023ರ ಅಕ್ಟೋಬರ್‌ನಿಂದ 28% ಜಿಎಸ್‌ಟಿ ಇತ್ತು, 2025ರ ಸೆಪ್ಟೆಂಬರ್ 22ರಿಂದ ಅದು 40% ಆಗಿದೆ. 5,000 ರೂಪಾಯಿಯ ಚಿಪ್ಸ್‌ಗೆ ತೆರಿಗೆಯೇ 2,000 ಆಗುತ್ತದೆ. ಗೆದ್ದ ಚಿಪ್ಸ್‌ನಲ್ಲೇ ಮತ್ತೆ ಆಡಿದರೆ ಮತ್ತೆ ಜಿಎಸ್‌ಟಿ ಇಲ್ಲ, ಸರಿ, ಆದರೆ ಆಟ ಶುರುವಾಗುವ ಮೊದಲೇ ನೀವು ಅಷ್ಟು ಹಿಂದೆ ಬಿದ್ದಿರುತ್ತೀರಿ. ಇಷ್ಟು ದುಡ್ಡು ಕೊಟ್ಟರೆ ಕೈಗೆ ಎಷ್ಟರ ಚಿಪ್ಸ್ ಬರುತ್ತದೆ ಅಂತ ಕೌಂಟರ್‌ನಲ್ಲಿ ಕೇಳಿಯೇ ಕೊಡಿ. ದೊಡ್ಡ ಮೊತ್ತ ಗೆದ್ದರೂ 30% ಆದಾಯ ತೆರಿಗೆ ಉಂಟು. ಕೇರಳ ಲಾಟರಿಯಲ್ಲಿ ಬಹುಮಾನ ಬಂದವರಿಗೆ ಕಡಿತ ಆಗುವುದು ನಮ್ಮ ಕಡೆ ಎಲ್ಲರಿಗೂ ಗೊತ್ತು, ಇದೂ ಅದೇ ನಿಯಮ. ಸೋತದ್ದನ್ನು ಅದರಲ್ಲಿ ಕಳೆಯಲು ಬಿಡುವುದಿಲ್ಲ.

ಹಾಗಾಗಿ ಗೆಲ್ಲಲಿಕ್ಕೆ ಅಂತ ಹೋಗಬೇಡಿ. ನೋಡಲಿಕ್ಕೆ ಹೋಗಿ. ಟಿಕೆಟ್ ದುಡ್ಡನ್ನು ಊಟಕ್ಕೆ, ಕಾರ್ಯಕ್ರಮಕ್ಕೆ ಕೊಟ್ಟದ್ದು ಅಂದುಕೊಳ್ಳಿ. ಆಡಲು ಬೇರೆ ಒಂದು ಮೊತ್ತ ಮನೆಯಲ್ಲೇ ತೀರ್ಮಾನ ಮಾಡಿ ನಗದು ತನ್ನಿ, ಎಟಿಎಂ ಕಾರ್ಡ್ ಹೋಟೆಲಿನಲ್ಲಿ ಬಿಡಿ.

ಭಾವನ ಬಗ್ಗೆ ನೀವು ಒಂದು ಸಾಲಿನಲ್ಲಿ ಬರೆದಿದ್ದೀರಿ, ಆನ್‌ಲೈನ್ ರಮ್ಮಿಯಲ್ಲಿ ಮೊದಲು ತುಂಬಾ ಕಳೆದುಕೊಂಡಿದ್ದರು, ಈಗ ಬಿಟ್ಟಿದ್ದಾರೆ ಅಂತ. ನನಗೆ ಎಲ್ಲಕ್ಕಿಂತ ಚಿಂತೆ ಆದದ್ದು ಅದು. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರಲ್ಲಿ ಕೇಂದ್ರ ಸರಕಾರ ಕಾನೂನು ತಂದು ನಿಷೇಧಿಸಿತು, ಆಗ ಬಿಟ್ಟವರು ಬಹಳ ಜನ. ಫೋನಿನಲ್ಲಿ ನಿಂತದ್ದು ಹಡಗಿನಲ್ಲಿ ಮತ್ತೆ ಶುರುವಾಗಬಾರದು. ಅಲ್ಲಿ ಅಂದರ್ ಬಾಹರ್ ಟೇಬಲ್ ಉಂಟು, ನಮ್ಮ ಊರಿನ ಉಲಾಯಿ ಪಿದಾಯಿಯೇ ಅದು, ಕೈ ಒಗ್ಗಿದವರಿಗೆ ಕೂತರೆ ಏಳಲು ಮನಸ್ಸಾಗುವುದಿಲ್ಲ. ಭಾವ ಬೇಜಾರು ಮಾಡಿಕೊಂಡರೂ ಪರವಾಗಿಲ್ಲ, ಹೊರಡುವ ಮೊದಲು ಮನೆಯಲ್ಲಿ ಕೂತು ಮಾತಾಡಿ. ಅವರಿಗೇ ಅನುಮಾನ ಇದ್ದರೆ ಆ ರಾತ್ರಿ ಅವರು ಅಮ್ಮನ ಜತೆ ಇರಲಿ, ನೀವು ಗಂಡ ಹೆಂಡತಿ ಹೋಗಿ ಬನ್ನಿ. ಇಲ್ಲವೇ ಕ್ಯಾಸಿನೊ ಬಿಟ್ಟೇಬಿಡಿ, ಗೋವಾ ಅದಿಲ್ಲದೆಯೂ ಚೆಂದ ಉಂಟು. ಆಟದ ಚಟಕ್ಕೆ ಯಾರೊಡನಾದರೂ ಮಾತಾಡಬೇಕು ಅನಿಸಿದರೆ ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಬಹುದು, ದುಡ್ಡು ಕೊಡಬೇಕಾಗಿಲ್ಲ.

ಉಳಿದ ದಿನಗಳಲ್ಲಿ ಒಂದು ಬೆಳಗ್ಗೆ ಫೋಂಡಾಕ್ಕೆ. ಬೇಗ ಹೊರಡಿ, ಬಿಸಿಲು ಏರಿದ ಮೇಲೆ ಅಂಗಳದ ಕಲ್ಲಿನಲ್ಲಿ ಅಮ್ಮನಿಗೆ ಬರಿಗಾಲಲ್ಲಿ ನಡೆಯಲು ಆಗುವುದಿಲ್ಲ. ಮಂಗೇಶಿಯಲ್ಲಿ ಏಳು ಅಂತಸ್ತಿನ ದೀಪಸ್ತಂಭ, ಎದುರಿಗೆ ಕೆರೆ. ಮಾರ್ದೋಳದ ಮಹಾಲಸಾ, ಕವಳೆಯ ಶಾಂತಾದುರ್ಗಾ ಎಲ್ಲ ಅಲ್ಲೇ ಹತ್ತಿರ ಹತ್ತಿರ. 16ನೇ ಶತಮಾನದಲ್ಲಿ ಪೋರ್ಚುಗೀಸರು ದೇವಸ್ಥಾನ ಒಡೆಯುತ್ತಿದ್ದಾಗ ಜನ ದೇವರನ್ನು ಹೊತ್ತು ಅವರ ಆಳ್ವಿಕೆ ಇಲ್ಲದ ಈ ಕಡೆಗೆ ತಂದರು. ಆಗ ಊರು ಬಿಟ್ಟವರಲ್ಲಿ ಹಲವರು ಕರಾವಳಿಯಲ್ಲೇ ದಕ್ಷಿಣಕ್ಕೆ ಬಂದು ಮಂಜೇಶ್ವರ, ಕಾಸರಗೋಡಿನ ತನಕ ನೆಲೆಸಿದರು. ಅಲ್ಲಿ ನಿಂತರೆ ನಮ್ಮೂರಿನ ಕತೆಯೇ ಕೇಳಿದ ಹಾಗೆ ಆಗುತ್ತದೆ.

ಇನ್ನೊಂದು ದಿನ ಓಲ್ಡ್ ಗೋವಾ, ಪಣಜಿಯಿಂದ ಸುಮಾರು 10 ಕಿಲೋಮೀಟರ್. ಬೊಂ ಜೀಸಸ್ ಬೆಸಿಲಿಕಾದಲ್ಲಿ ಸಂತ ಫ್ರಾನ್ಸಿಸ್ ಝೇವಿಯರ್ ಅವರ ದೇಹ ಇಟ್ಟಿದ್ದಾರೆ. ರಸ್ತೆ ದಾಟಿದರೆ ಸೇ ಕೆಥೆಡ್ರಲ್. ಎರಡೂ ಮೆಟ್ಟಿಲು ಜಾಸ್ತಿ ಇಲ್ಲದೆ ನೋಡಬಹುದು. ಭಾವನಿಗೆ ತಿರುಗುವ ಹುಮ್ಮಸ್ಸು ಇದ್ದರೆ ಅಲ್ಲಿಂದಲೇ ಫೆರಿ ಹತ್ತಿ ದಿವಾರ್ ದ್ವೀಪಕ್ಕೆ ಹೋಗಿ ಬರಲಿ. ಸಂಜೆ ಫೊಂಟೇನ್ಹಾಸ್ ಓಣಿಗಳಲ್ಲಿ ನಿಧಾನಕ್ಕೆ ನಡೆಯಿರಿ. ಅಲ್ಲಿ ಜನ ವಾಸ ಮಾಡುತ್ತಾರೆ, ಮನೆ ಬಾಗಿಲಲ್ಲಿ ನಿಂತು ಫೋಟೋ ತೆಗೆಯಬೇಡಿ. ಬೆಳಗ್ಗೆ ತಿಂಡಿಗೆ ಪಾವ್ ಬಾಜಿ ಅಲ್ಲ, ಬಾಜಿ ಪಾವ್ ಕೇಳಿ, ಬನ್ಸ್ ಕೂಡ ಸಿಗುತ್ತದೆ, ಅಮ್ಮನಿಗೆ ಒಗ್ಗುತ್ತದೆ.

ದೂಧ್‌ಸಾಗರ್ ಬೇಡ, ಜೀಪಿನ ದಾರಿ ಅಮ್ಮನ ಬೆನ್ನಿಗೆ ಆಗುವುದಿಲ್ಲ. ಸ್ಪೈಸ್ ಫಾರ್ಮ್ ಕೂಡ ಬೇಡ. ಅಡಿಕೆ, ಕಾಳುಮೆಣಸು, ಜಾಯಿಕಾಯಿ ಎಲ್ಲ ಮನೆ ಹಿಂದೆಯೇ ಇರುವ ನಾವು ಅದಕ್ಕೆ ಟಿಕೆಟ್ ಯಾಕೆ ತೆಗೆಯಬೇಕು? ಆ ಹೊತ್ತಿನಲ್ಲಿ ತಾಂಬ್ಡಿ ಸುರ್ಲಾಕ್ಕೆ ಹೋಗಿ. ದೂರ ಉಂಟು, ಪಣಜಿಯಿಂದ 60 ಕಿಲೋಮೀಟರ್ ಮೇಲೆ, ಆದರೆ ದಾರಿ ಚೆನ್ನಾಗಿದೆ. ಕಾಡಿನ ನಡುವೆ ಕರಿಕಲ್ಲಿನ ಮಹಾದೇವ ದೇವಸ್ಥಾನ, ಗೋವಾದ ಕದಂಬರ ಕಾಲದ್ದು.

ರೈಲು ಟಿಕೆಟ್ ಮೊದಲು ಮಾಡಿ, ಆಮೇಲೆ ರೂಮ್, ಕ್ಯಾಸಿನೊ ಕೊನೆಗೆ. ನವೆಂಬರ್‌ನಲ್ಲಿ ಚಲನಚಿತ್ರೋತ್ಸವ ಪಣಜಿಯಲ್ಲೇ ನಡೆಯುತ್ತದೆ, ಡಿಸೆಂಬರ್ ಕೊನೆಗೆ ಕ್ರಿಸ್‌ಮಸ್, ಹೊಸ ವರ್ಷ, ಆ ದಿನಗಳಲ್ಲಿ ರೂಮ್ ರೇಟು ಸಿಕ್ಕಾಪಟ್ಟೆ ಏರುತ್ತದೆ. ಜನವರಿ ಎರಡನೇ ವಾರದ ನಂತರ ಆದರೆ ಒಳ್ಳೆಯದು. ಯಾವ ತಿಂಗಳು ಹೊರಡುವುದು, ಅಮ್ಮನಿಗೆ ಎಷ್ಟು ದೂರ ನಡೆಯಲು ಆಗುತ್ತದೆ ಅಂತ ಕೆಳಗೆ ಬರೆಯಿರಿ, ಫೋಂಡಾ ಕಡೆಯ ಟ್ಯಾಕ್ಸಿಗೆ ಈಗ ಎಷ್ಟು ತೆಗೆದುಕೊಳ್ಳುತ್ತಾರೆ ಅಂತ ಅಕ್ಕನ ಹತ್ತಿರ ಕೇಳಿ ಹೇಳುತ್ತೇನೆ.