ಸಂಪಾದಕರ ಉತ್ತರ: ಕೈ ಎಣಿಸಿದರೆ ಸಾಕೇ?

ಪತ್ರ: ‘ನಿಮ್ಮ ಪತ್ರಿಕೆಯಲ್ಲಿ ಪ್ರತಿ ತಿಂಗಳೂ ಕಾಸರಗೋಡಿನ ಕನ್ನಡದ ಗೋಳು ಇದ್ದೇ ಇರುತ್ತದೆ. ನಾನು ರಾಜ್ಯಶಾಸ್ತ್ರ ಓದುತ್ತಿರುವವನು. ಪ್ರಜಾಪ್ರಭುತ್ವ ಅಂದರೆ ಬಹುಮತದ ಆಡಳಿತ. 2011ರ ಜನಗಣತಿಯಲ್ಲಿ ಕನ್ನಡ ಮಾತೃಭಾಷೆ ಎಂದು ಬರೆಸಿದವರು ಜಿಲ್ಲೆಯಲ್ಲಿ ನೂರಕ್ಕೆ ಐದು ಮಂದಿಯೂ ಇಲ್ಲ. ಮಲಯಾಳಂ ಕಲಿತು ಮುಂದೆ ಹೋಗುವುದು ಬಿಟ್ಟು ನೀವು ಇನ್ನೂ 1956ರಲ್ಲೇ ನಿಂತಿರುವುದು ಯಾಕೆ?’ – ಪೈವಳಿಕೆಯ ಓದುಗ

ಪ್ರಿಯರೇ,

ನಿಮ್ಮ ಪತ್ರ ಬಂದು ಮೂರು ವಾರ ಆಯಿತು. ಅದನ್ನು ಕಡತಕ್ಕೆ ಸೇರಿಸಲು ಮನಸ್ಸಾಗದೆ ಮೇಜಿನ ಮೇಲೆಯೇ ಇಟ್ಟುಕೊಂಡಿದ್ದೇನೆ. ಎರಡು ಪುಟ, ಕೈಬರಹ. ಒಂದು ಒತ್ತಕ್ಷರವೂ ತಪ್ಪಿಲ್ಲ. ಇಷ್ಟು ಚಂದದ ಕನ್ನಡ ನಿಮಗೆ ಕಲಿಸಿದ ಮಾಷ್ಟ್ರು ಯಾರೋ, ಅವರಿಗೆ ನನ್ನ ನಮಸ್ಕಾರ. ಪುರುಸೊತ್ತಾದಾಗ ಆ ಶಾಲೆಗೆ ಒಮ್ಮೆ ಹೋಗಿ ಬನ್ನಿ. ಆ ಮಾಷ್ಟ್ರ ಜಾಗದಲ್ಲಿ ಈಗ ಯಾರಿದ್ದಾರೆ, ನೋಡಿ.

ನಿಮ್ಮ ಮಾತಿನಲ್ಲಿ ಸರಿ ಇರುವುದನ್ನು ಮೊದಲೇ ಒಪ್ಪಿಬಿಡುತ್ತೇನೆ. ಮಲಯಾಳಂ ಕಲಿಯಬೇಕು. ನಾನೂ ಕಲಿತಿದ್ದೇನೆ. ಬಸ್ಸಿನಲ್ಲಿ, ಬ್ಯಾಂಕಿನಲ್ಲಿ ಮಲಯಾಳದಲ್ಲೇ ಮಾತಾಡುತ್ತೇನೆ, ಅದರಲ್ಲಿ ನನಗೇನೂ ಬೇಸರ ಇಲ್ಲ. ಗಡಿ ಮತ್ತೆ ಬದಲಾದೀತು ಎಂದು ಕಾದು ಕೂತರೆ ಆಗುವುದಿಲ್ಲ, ಅದೂ ಸರಿ. ಚಂದ್ರಗಿರಿ ಹೊಳೆಯಿಂದ ಉತ್ತರಕ್ಕಿರುವ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕು ಎಂದು ಗಡಿ ತಕರಾರು ನೋಡಲು ಕೇಂದ್ರ ನೇಮಿಸಿದ್ದ ಮಹಾಜನ ಆಯೋಗ 1967ರಲ್ಲಿ ಬರೆಯಿತು. ಬರೆದದ್ದು ಕಾಗದದಲ್ಲೇ ಉಳಿಯಿತು. ಆ ಕಾಗದ ಹಿಡಿದುಕೊಂಡೇ ಮುದುಕರಾದವರನ್ನು ನಾನು ನೋಡಿದ್ದೇನೆ.

ಆದರೆ ‘ಪ್ರಜಾಪ್ರಭುತ್ವ ಅಂದರೆ ಬಹುಮತದ ಆಡಳಿತ’ ಎಂಬ ನಿಮ್ಮ ಸಾಲನ್ನು ನನ್ನಿಂದ ಒಪ್ಪಲು ಆಗುವುದಿಲ್ಲ. ಅದು ಅರ್ಧ ಮಾತು. ರಾಜ್ಯಶಾಸ್ತ್ರ ಓದುವವರು ಅರ್ಧಕ್ಕೇ ಪುಸ್ತಕ ಮಡಚಬಾರದು.

ಬಹುಮತಕ್ಕೆ ನಾವು ತಲೆಬಾಗುವುದು ಯಾಕೆ ಹೇಳಿ? ಇವತ್ತು ಸೋತವರು ನಾಳೆ ಗೆಲ್ಲಬಹುದು ಎಂಬ ನಂಬಿಕೆ ಇರುವುದರಿಂದ. ಕೇರಳವನ್ನೇ ನೋಡಿ. 1982ರಿಂದ 2016ರವರೆಗೆ ಪ್ರತಿ ವಿಧಾನಸಭಾ ಚುನಾವಣೆಯಲ್ಲೂ ಸರಕಾರ ಬದಲಾಯಿತು. ಒಮ್ಮೆ ಎಡರಂಗ, ಒಮ್ಮೆ ಐಕ್ಯರಂಗ. 2021ರಲ್ಲಿ ಮಾತ್ರ ಆ ಸರದಿ ತಪ್ಪಿತು. ಸೋತ ಪಕ್ಷ ಐದು ವರ್ಷ ತಾಳಿಕೊಂಡರೆ ಸಾಕಿತ್ತು. ಭಾಷೆಯ ಲೆಕ್ಕ ಹಾಗಲ್ಲ. ಪೈವಳಿಕೆಯ ಕನ್ನಡಿಗ ಐದು ವರ್ಷ ಅಲ್ಲ, ಐವತ್ತು ವರ್ಷ ಕಾದರೂ ತಿರುವನಂತಪುರದಲ್ಲಿ ಅವನಿಗೆ ಬಹುಮತ ಬರುವುದಿಲ್ಲ. ಯಾವತ್ತೂ ಬದಲಾಗದ ಬಹುಮತದ ಎದುರು ‘ಮತ ಹಾಕಿ ಗೆದ್ದುಕೊಳ್ಳಿ’ ಎಂದು ಹೇಳಿದರೆ ಏನು ಅರ್ಥ? ಖಾಯಂ ಅಲ್ಪಸಂಖ್ಯಾತರು ಇರುವ ಕಡೆ ಬರೀ ಎಣಿಕೆ ಸಾಲದು ಎಂಬುದು ನಿಮ್ಮ ಶಾಸ್ತ್ರದವರೇ ಕಂಡುಕೊಂಡ ಸತ್ಯ. ಡಚ್ ಮೂಲದ ಅರೆಂಡ್ ಲೈಪ್‌ಹಾರ್ಟ್ ಇದನ್ನೇ ಜೀವಮಾನ ಪೂರ್ತಿ ಅಧ್ಯಯನ ಮಾಡಿದವರು. ಗೆದ್ದವರೇ ಎಲ್ಲವನ್ನೂ ಬಾಚಿಕೊಳ್ಳುವ ಪ್ರಜಾಪ್ರಭುತ್ವ ಒಂದು ಬಗೆ, ಎಲ್ಲರನ್ನೂ ಕೂರಿಸಿಕೊಂಡು ಹಂಚಿಕೊಳ್ಳುವುದು ಇನ್ನೊಂದು ಬಗೆ ಎಂದು ಅವರು ವಿಂಗಡಿಸಿದರು. ಭಾರತವನ್ನು ಹಂಚಿಕೊಳ್ಳುವ ಸಾಲಿನಲ್ಲಿ ಇಟ್ಟರು. ಭಾಷಾವಾರು ರಾಜ್ಯಗಳೂ ಅದಕ್ಕೆ ಅವರು ಕೊಟ್ಟ ಒಂದು ಕಾರಣ.

ನನ್ನ ತಕರಾರು ಶುರುವಾಗುವುದೂ ಅಲ್ಲಿಂದಲೇ. ಭಾಷಾವಾರು ರಾಜ್ಯ ದೊಡ್ಡ ಭಾಷೆಗಳಿಗೆಲ್ಲ ಒಂದೊಂದು ಮನೆ ಕಟ್ಟಿಕೊಟ್ಟಿತು. ಗೋಡೆ ಎಬ್ಬಿಸುವಾಗ ಹೊರಗೆ ಉಳಿದವರ ಗತಿ ಏನು? 1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಜಿಲ್ಲೆಯಿಂದ ಕಾಸರಗೋಡು ತಾಲೂಕನ್ನು ತುಂಡರಿಸಿ ಕೇರಳಕ್ಕೆ ಸೇರಿಸಿದರು. ಇಲ್ಲಿಯವರ ಮತ ಯಾರೂ ಕೇಳಲಿಲ್ಲ. ಬಹುಮತದ ಮಾತಾಡುವ ನೀವು ಇದನ್ನೂ ಸ್ವಲ್ಪ ಲೆಕ್ಕಕ್ಕೆ ತೆಗೆದುಕೊಳ್ಳಬೇಕು, ಅಲ್ವಾ?

ಕೇಳಿದ ದೇಶವೂ ಉಂಟು. ಸ್ವಿಟ್ಜರ್ಲೆಂಡಿನ ಬರ್ನ್ ಪ್ರಾಂತ್ಯದಲ್ಲಿ ಜರ್ಮನ್ ಮಾತಾಡುವವರು ಜಾಸ್ತಿ. ಅದರೊಳಗಿದ್ದ ಜುರಾ ಭಾಗದಲ್ಲಿ ಫ್ರೆಂಚ್. ಬೇರೆ ಆಗಬೇಕೋ ಬೇಡವೋ ಎಂದು 1974ರಲ್ಲಿ ಮೊದಲು ಜುರಾದವರನ್ನೆಲ್ಲ ಕೇಳಿದರು. ಆಮೇಲೆ ಒಂದೊಂದು ಜಿಲ್ಲೆಯನ್ನು ಕೇಳಿದರು. ಆಮೇಲೆ ಅಂಚಿನಲ್ಲಿದ್ದ ಒಂದೊಂದು ಊರನ್ನೂ ಕೇಳಿದರು. 1979ರಲ್ಲಿ ಜುರಾ ಹೊಸ ಪ್ರಾಂತ್ಯ ಆಯಿತು. ಮುಟಿಯೇ ಎಂಬ ಸಣ್ಣ ಪೇಟೆ ಬರ್ನ್‌ನಲ್ಲೇ ಉಳಿದಿತ್ತು. ಅವರನ್ನು ಮತ್ತೆ ಮತ್ತೆ ಕೇಳಿದರು. 2017ರ ಮತದಾನ ಸರಿಯಾಗಿ ನಡೆಯಲಿಲ್ಲ ಎಂದು ರದ್ದು ಮಾಡಿ 2021ರಲ್ಲಿ ಪುನಃ ಕೇಳಿದರು. 2026ರ ಜನವರಿ 1ರಂದು ಆ ಪೇಟೆ ಜುರಾಕ್ಕೆ ಸೇರಿತು. ಒಂದು ಪೇಟೆಯ ಮಾತಿಗೆ ಅಷ್ಟು ಬೆಲೆ!

ಎಣಿಕೆಯನ್ನೇ ನಂಬಿ ಕೆಟ್ಟವರೂ ಇದ್ದಾರೆ. ಅದೇ 1956ರಲ್ಲಿ ಶ್ರೀಲಂಕಾದ ಸಂಸತ್ತು ಸಿಂಹಳ ಒಂದೇ ಅಧಿಕೃತ ಭಾಷೆ ಎಂದು ಕಾಯ್ದೆ ಮಾಡಿತು. ಚುನಾವಣೆ ನಡೆದಿತ್ತು, ಬಹುಮತ ಇತ್ತು, ಕೈ ಎತ್ತಿದವರ ಲೆಕ್ಕ ಸರಿಯಾಗಿಯೇ ಇತ್ತು. ತಮಿಳಿಗೂ ಅಧಿಕೃತ ಸ್ಥಾನ ಕೊಡುವ ತಿದ್ದುಪಡಿ ಬಂದದ್ದು 1987ರಲ್ಲಿ. ಅಷ್ಟರಲ್ಲಿ ಯುದ್ಧ ಶುರುವಾಗಿ ನಾಲ್ಕು ವರ್ಷ ಆಗಿತ್ತು. ಅದು ಮುಗಿದದ್ದು 2009ಕ್ಕೆ. ಯುದ್ಧಕ್ಕೆ ಭಾಷೆ ಒಂದೇ ಕಾರಣ ಎಂದು ನಾನು ಹೇಳುವುದಿಲ್ಲ. ನಮ್ಮೂರನ್ನು ಅದಕ್ಕೆ ಹೋಲಿಸುವುದೂ ಇಲ್ಲ. ಇಲ್ಲಿ ಜನ ಚೆನ್ನಾಗಿಯೇ ಬಾಳುತ್ತಾರೆ. ಒಂದೇ ಅಂಗಡಿ ಜಗಲಿಯಲ್ಲಿ ತುಳು, ಕನ್ನಡ, ಮಲಯಾಳಂ, ಕೊಂಕಣಿ, ಬ್ಯಾರಿ ಎಲ್ಲ ಕೇಳುತ್ತದೆ. ಜಗಳ ಇರುವುದು ಜನರ ನಡುವೆ ಅಲ್ಲ. ಕಚೇರಿಯ ಕಿಟಕಿಯ ಒಳಗಿನವರಿಗೂ ಹೊರಗಿನವರಿಗೂ ನಡುವೆ.

ಆ ಕಿಟಕಿಯ ಹತ್ತಿರ ನಾನು ಕಂಡದ್ದನ್ನು ಹೇಳುತ್ತೇನೆ. ನಮ್ಮ ನೆರೆಮನೆಯ ಅಕ್ಕನಿಗೆ ಎಪ್ಪತ್ತೆರಡು ವರ್ಷ. ಮನೆಮಾತು ತುಳು. ಏಳನೇ ತರಗತಿಯವರೆಗೆ ಕನ್ನಡ ಓದಿದವರು. ಮಲಯಾಳಂ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಅವರಿಗೆ ಪಿಂಚಣಿ ಬರುತ್ತಿತ್ತು. ಒಂದು ತಿಂಗಳು ಬರಲಿಲ್ಲ. ಇನ್ನೊಂದು ತಿಂಗಳೂ ಇಲ್ಲ. ವಿಚಾರಿಸೋಣ ಎಂದು ನಾನೂ ಜೊತೆಗೆ ಹೋದೆ. ಮಸ್ಟರಿಂಗ್ ಮಾಡಿಸಿಲ್ಲ ಎಂದರು. ಬೆರಳು ಒತ್ತಿ ‘ಬದುಕಿದ್ದೇನೆ’ ಎಂದು ತೋರಿಸುವ ಕೆಲಸ, ಸರಕಾರಿ ಅರ್ಜಿ ತುಂಬಿಕೊಡುವ ಅಕ್ಷಯ ಕೇಂದ್ರದಲ್ಲಿ ಐದು ನಿಮಿಷದ್ದು. ನೋಟೀಸು ಬಾಗಿಲಿಗೆ ಅಂಟಿಸಿದ್ದೆವಲ್ಲ, ಓದಲಿಲ್ವಾ ಎಂದು ಗುಮಾಸ್ತರು ಕೇಳಿದರು. ಮಲಯಾಳದಲ್ಲಿ ಒಂದು ಹಾಳೆ, ಅಂಚು ಹಳದಿಯಾಗಿತ್ತು. ತೆರಿಗೆ ಕಟ್ಟಲು ಅಕ್ಕ ಅದೇ ಬಾಗಿಲಿನಲ್ಲಿ ಎರಡು ಸಲ ಹೋಗಿ ಬಂದಿದ್ದರು. ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡು ಆ ಹಾಳೆಯ ಹತ್ತಿರ ನಿಂತರು. ‘ಕನ್ನಡಕ ಸರಿ ಉಂಟು ಮಾರಾಯ್ರೇ, ಅಕ್ಷರ ಕಾಣ್ತದೆ. ನನಗೆ ಬೇಕಾದ್ದು ಅದರಲ್ಲಿ ಉಂಟು ಅಂತ ಹೇಗೆ ಗೊತ್ತಾಗ್ಬೇಕು?’ ಎಂದರು.

ಗುಮಾಸ್ತರು ಕೆಟ್ಟವರಲ್ಲ. ತೆಂಕಣ ಜಿಲ್ಲೆಯಿಂದ ವರ್ಗವಾಗಿ ಬಂದವರು. ಕುರ್ಚಿ ಕೊಟ್ಟು ಕೂರಿಸಿದರು. ಅವರಿಗೆ ಕನ್ನಡ ಬರುವುದಿಲ್ಲ, ಅಕ್ಕನಿಗೆ ಮಲಯಾಳದ ಲಿಪಿ ಬರುವುದಿಲ್ಲ. ನಡುವೆ ನಾನು ಇಲ್ಲದಿದ್ದರೆ?

ಈಗ ಇದನ್ನು ಚುನಾವಣೆಯ ಪಕ್ಕದಲ್ಲಿಟ್ಟು ನೋಡಿ. ನಮ್ಮ ಜಿಲ್ಲೆಯ ಮಂಜೇಶ್ವರ ವಿಧಾನಸಭಾ ಕ್ಷೇತ್ರದಲ್ಲಿ 2016ರಲ್ಲಿ ಗೆಲುವಿನ ಅಂತರ 89 ಮತ. 2021ರಲ್ಲಿ 745. ಅಷ್ಟು ಕಡಿಮೆ ಅಂತರ ಇರುವಲ್ಲಿ ಪ್ರತಿ ಮನೆಯ ಗೇಟಿಗೂ ಅಭ್ಯರ್ಥಿ ಬರುತ್ತಾರೆ. ಕರಪತ್ರ ಕನ್ನಡದಲ್ಲಿ, ಮೈಕಿನಲ್ಲಿ ಕನ್ನಡ, ಮತಪತ್ರದಲ್ಲೂ ಕನ್ನಡ ಇರುತ್ತದೆ. 2021ರಲ್ಲಿ ಗೆದ್ದ ಎ.ಕೆ.ಎಂ. ಅಶ್ರಫ್ ಅವರು ಕೇರಳ ವಿಧಾನಸಭೆಯಲ್ಲಿ ಕನ್ನಡದಲ್ಲೇ ಪ್ರಮಾಣವಚನ ಸ್ವೀಕರಿಸಿದರು. ಕೇಳಿ ಮನಸ್ಸು ತುಂಬಿ ಬಂತು. ಮತ ಕೇಳುವ ದಿನ ನಮ್ಮ ಲಿಪಿ ಬೇಕು. ಪಿಂಚಣಿಯ ನೋಟೀಸಿಗೆ ಯಾಕೆ ಬೇಡ? ನನಗೆ ಪ್ರಜಾಪ್ರಭುತ್ವ ಅಂದರೆ ಅಕ್ಕ ಮತ ಹಾಕಿದ ದಿನ ಒಂದೇ ಅಲ್ಲ. ಉಳಿದ ದಿನಗಳಲ್ಲಿ ಸರಕಾರ ಅವರ ಹತ್ತಿರ ಯಾವ ಭಾಷೆಯಲ್ಲಿ ಮಾತಾಡುತ್ತದೆ ಎಂಬುದೂ ಹೌದು.

ಇದು ದಾನ ಕೇಳಿದ ಹಾಗಲ್ಲ. ಕಾಯ್ದೆಯಲ್ಲೇ ಇದೆ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ಪ್ರಕಾರ ಕನ್ನಡ ಅಲ್ಪಸಂಖ್ಯಾತರು ಸರಕಾರಕ್ಕೆ ಕನ್ನಡದಲ್ಲಿ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ಸಂವಿಧಾನದ 350ಎ ವಿಧಿ ಪ್ರಾಥಮಿಕ ಶಿಕ್ಷಣ ಮಾತೃಭಾಷೆಯಲ್ಲಿ ಸಿಗಬೇಕು ಎನ್ನುತ್ತದೆ. ಅದು ಸೇರಿದ್ದೂ 1956ರಲ್ಲೇ. ಗೋಡೆ ಎಬ್ಬಿಸಿದವರಿಗೆ ಹೊರಗೆ ಉಳಿಯುವವರ ನೆನಪು ಅಷ್ಟಾದರೂ ಇತ್ತು.

ಹಾಗಾದರೆ ಅದು ಯಾಕೆ ನಡೆಯುವುದಿಲ್ಲ? ಕನ್ನಡದಲ್ಲಿ ಬರೆದರೆ ಉತ್ತರ ತಡ ಆಗುತ್ತದೆ ಎಂದು ಜನ ಅಕ್ಷಯ ಕೇಂದ್ರದಲ್ಲಿ ದುಡ್ಡು ಕೊಟ್ಟು ಮಲಯಾಳದಲ್ಲಿ ಬರೆಸುತ್ತಾರೆ. ವರ್ಷದ ಕೊನೆಗೆ ಕಚೇರಿ ಲೆಕ್ಕ ಹಾಕುತ್ತದೆ: ಕನ್ನಡದಲ್ಲಿ ಅರ್ಜಿಯೇ ಬರುವುದಿಲ್ಲ, ಅನುವಾದಕರು ಯಾಕೆ? ಆ ಹುದ್ದೆ ಖಾಲಿ ಉಳಿಯುತ್ತದೆ. ಹುದ್ದೆ ಖಾಲಿ ಇರುವುದರಿಂದ ಉತ್ತರ ಇನ್ನೂ ತಡ. ಅನುಕೂಲ ಇದ್ದವರು ಮಂಗಳೂರು ದಾರಿ ಹಿಡಿಯುತ್ತಾರೆ. ಕಾಲೇಜು ಅಲ್ಲಿ, ಆಸ್ಪತ್ರೆ ಅಲ್ಲಿ, ಕೊನೆಗೆ ಮನೆಯೂ ಅಲ್ಲಿ. ವ್ಯವಸ್ಥೆ ಕೆಟ್ಟಾಗ ಮನುಷ್ಯನಿಗೆ ಎರಡು ದಾರಿ, ಬಿಟ್ಟು ಹೋಗುವುದು ಅಥವಾ ದನಿ ಎತ್ತುವುದು ಎಂದು ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಹಿರ್ಶ್‌ಮನ್ 1970ರಲ್ಲಿ ಬರೆದರು. ದನಿ ಎತ್ತಬಲ್ಲವರೇ ಮೊದಲು ಬಿಟ್ಟು ಹೋದರೆ ಉಳಿದವರ ಪರವಾಗಿ ಕೇಳುವವರೇ ಇರುವುದಿಲ್ಲ. ನೀವು ಮಂಗಳೂರಿನಲ್ಲಿ ಓದುತ್ತೀರಿ ಎಂದು ಬರೆದಿದ್ದೀರಿ. ಓದಿ, ಚೆನ್ನಾಗಿ ಓದಿ. ಬೈಯುತ್ತಿಲ್ಲ.

ನಿಮ್ಮ ‘ನೂರಕ್ಕೆ ಐದೂ ಇಲ್ಲ’ ಲೆಕ್ಕಕ್ಕೂ ಒಂದು ಮಾತು ಹೇಳಬೇಕು. ಅಕ್ಕ ಆ ಐದರೊಳಗೆ ಇಲ್ಲ. ಜನಗಣತಿಯವರು ಬಂದಾಗ ಅವರು ತುಳು ಎಂದು ಬರೆಸಿದರು, ಸರಿಯಾಗಿಯೇ ಬರೆಸಿದರು. ಆದರೆ ಓದುವುದು, ಸಹಿ ಹಾಕುವುದು ಎಲ್ಲ ಕನ್ನಡದಲ್ಲಿ. ಜಿಲ್ಲೆಯಲ್ಲಿ ತುಳು ಬರೆಸಿದವರು ಕನ್ನಡ ಬರೆಸಿದವರ ದುಪ್ಪಟ್ಟಿನಷ್ಟು. ಅವರಲ್ಲಿ ಕನ್ನಡ ಶಾಲೆಗೆ ಹೋದವರು ಎಷ್ಟು ಜನ ಎಂದು ಯಾರೂ ಎಣಿಸುವುದಿಲ್ಲ. ಮತ್ತೆ, ಜಿಲ್ಲೆ ಇಡೀ ಒಂದೇ ತಕ್ಕಡಿಗೆ ಹಾಕುವುದು ಯಾಕೆ? ತೆಂಕಣ ತುದಿಯ ತೃಕ್ಕರಿಪುರದ ಲೆಕ್ಕ ಬೇರೆ, ಕರ್ನಾಟಕದ ಗಡಿಗೆ ತಾಗಿದ ಎಣ್ಮಕಜೆಯ ಲೆಕ್ಕ ಬೇರೆ. ಫಿನ್‌ಲೆಂಡಿನಲ್ಲಿ ಸ್ವೀಡಿಷ್ ಮಾತಾಡುವವರು ಇಡೀ ದೇಶದಲ್ಲಿ ನೂರಕ್ಕೆ ಸುಮಾರು ಐದು ಮಾತ್ರ, ನಿಮ್ಮ ಲೆಕ್ಕದಷ್ಟೇ. ಆದರೂ ಒಂದು ಪುರಸಭೆಯಲ್ಲಿ ಚಿಕ್ಕ ಭಾಷೆಯವರು ನೂರಕ್ಕೆ ಎಂಟು ಅಥವಾ 3,000 ಮಂದಿ ಇದ್ದರೆ ಅಲ್ಲಿ ಎರಡೂ ಭಾಷೆಯಲ್ಲಿ ಆಡಳಿತ. ಹತ್ತು ವರ್ಷಕ್ಕೊಮ್ಮೆ ಪಟ್ಟಿ ನೋಡುತ್ತಾರೆ. ಊರಿಗೆ ಊರೇ ಲೆಕ್ಕ.

ಹೀಗೆ ಹೇಳಿದ ತಕ್ಷಣ ಬೆಂಗಳೂರಿನ ಗೆಳೆಯರು ಚಪ್ಪಾಳೆ ತಟ್ಟುತ್ತಾರೆ. ಅವರಿಗೂ ಎರಡು ಮಾತು. ನವೆಂಬರ್ ಬಂದರೆ ಗಡಿನಾಡ ಕನ್ನಡಿಗರಿಗೆ ಶಾಲು, ಹಾರ, ಸನ್ಮಾನ. 2020ರ ಮಾರ್ಚ್‌ನಲ್ಲಿ ಕೊರೋನಾ ಬಂದಾಗ ಕರ್ನಾಟಕವೇ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿತು. ತಲಪಾಡಿಯಲ್ಲಿ ಆಂಬುಲೆನ್ಸ್ ನಿಂತಿತು. ಮಂಗಳೂರಿನ ಆಸ್ಪತ್ರೆ ಕಣ್ಣಳತೆಯಲ್ಲಿದ್ದರೂ ಜೀವ ಹೋದ ಸುದ್ದಿ ದಿನಾ ಓದಿದೆವು. ಶಾಲು ಹೊದಿಸಿದ ಕೈಗಳು ಆಗ ಎಲ್ಲಿದ್ದವು? ಮತ್ತೆ, ಎಣ್ಮಕಜೆಯ ಕನ್ನಡಿಗನಿಗೆ ನಾನು ಕೇಳುವುದನ್ನು ಬೆಳಗಾವಿಯ ಮರಾಠಿ ಅಜ್ಜಿಗೂ ಕೇಳುತ್ತೇನೆ. ಅವರ ಪಿಂಚಣಿ ನೋಟೀಸು ಅವರು ಓದುವ ಅಕ್ಷರದಲ್ಲಿ ಬರಲಿ. ಇದಕ್ಕಾಗಿ ಹಿಂದೊಮ್ಮೆ ನಾಲ್ಕು ಮಂದಿ ಚಂದಾ ನಿಲ್ಲಿಸಿದರು. ನಿಲ್ಲಿಸಲಿ. ಗಡಿಯ ಈಚೆ ಒಂದು ನ್ಯಾಯ, ಆಚೆ ಇನ್ನೊಂದು ಎಂದು ಬರೆಯಲು ನನಗೆ ಬರುವುದಿಲ್ಲ.

ಬೆಲ್ಜಿಯಂನಲ್ಲಿ ಫೂರೆನ್ ಎಂಬ ಆರು ಹಳ್ಳಿಗಳ ಒಂದು ಮೂಲೆ ಉಂಟು. 1963ರಲ್ಲಿ ಅದನ್ನು ಫ್ರೆಂಚ್ ಪ್ರಾಂತ್ಯದಿಂದ ಡಚ್ ಪ್ರಾಂತ್ಯಕ್ಕೆ ಸೇರಿಸಿದರು. ಡಚ್ ಮಾತಾಡಲು ಒಪ್ಪದ ಒಬ್ಬ ಮೇಯರ್‌ನ ಗಲಾಟೆಯಿಂದ 1987ರಲ್ಲಿ ದೇಶದ ಸರಕಾರವೇ ಬಿತ್ತು. ಅವರ ಹಠ ನನಗೆ ಮೆಚ್ಚುಗೆ ಇಲ್ಲ. ಆದರೆ ಫ್ರೆಂಚ್ ಓದುವವರಿಗೆ ಫ್ರೆಂಚಿನಲ್ಲೇ ಕಾಗದಪತ್ರ ಕೊಡುವ ಸೌಲಭ್ಯ ಅಲ್ಲಿ ಇವತ್ತಿಗೂ ಇದೆ. ಇಷ್ಟೆಲ್ಲ ಕಷ್ಟಪಟ್ಟ ದೇಶ ಅದನ್ನು ಕೈಬಿಟ್ಟಿಲ್ಲ.

ಅಕ್ಕನ ಪಿಂಚಣಿ ಮೂರನೇ ತಿಂಗಳು ಶುರುವಾಯಿತು. ನಿಂತ ಎರಡು ತಿಂಗಳಿನದ್ದು ಇನ್ನೂ ಬಂದಿಲ್ಲ. ಅದಕ್ಕೆ ಅರ್ಜಿ ಹಾಕಬೇಕು. ಮಲಯಾಳದಲ್ಲಿ ಬರೆದುಕೊಡುತ್ತೇನೆ ಎಂದೆ. ಬೇಡ, ಈ ಸಲ ಕನ್ನಡದಲ್ಲಿ ನಾನೇ ಬರೀತೇನೆ ಎಂದರು. ಮುಂದಿನ ಶನಿವಾರ ನಮ್ಮ ಜಗಲಿಯಲ್ಲಿ ಬರೆಯಲು ಕೂರುತ್ತೇವೆ. 1969ರ ಕಾಯ್ದೆಯ ಪ್ರತಿ ನನ್ನ ಹತ್ತಿರ ಇದೆ. ನಿಮ್ಮ ಅಕ್ಷರ ನನ್ನದಕ್ಕಿಂತ ಚೆನ್ನಾಗಿದೆ. ಬದಿಯಡ್ಕ ಬಸ್‌ಸ್ಟ್ಯಾಂಡಿನಲ್ಲಿ ಹತ್ತು ಗಂಟೆಗೆ ಇಳಿದರೆ ಕರೆದುಕೊಂಡು ಹೋಗಲು ನಾನು ಬರುತ್ತೇನೆ. ಊಟ ನಮ್ಮಲ್ಲಿ.

– ಸಂಪಾದಕ